ಪಶ್ಚಿಮಘಟ್ಟ ಉಳಿಸಿ ಚಳವಳಿ

ತಾಪಿ ನದಿಯಿಂದ ಕನ್ಯಾಕುಮಾರಿಯವರೆಗೆ ಸುಮಾರು 1,600 ಕಿ.ಮೀ. ಉದ್ದಕ್ಕೆ ಹಬ್ಬಿರುವ ಪಶ್ಚಿಮಘಟ್ಟ ಸಾಲಿನ ಕಾಡು, ನದಿ ಮತ್ತು ಅವುಗಳನ್ನು ನಂಬಿದ ಊರುಗಳ ರಕ್ಷಣೆಗಾಗಿ ಪರಿಸರ ಸಂಘಟನೆಗಳು ಕಟ್ಟಿಕೊಂಡ ಸಡಿಲ ಒಕ್ಕೂಟ; ಅದರ ಸುತ್ತ ಬೆಳೆದ ಹೋರಾಟಗಳನ್ನೂ ಒಟ್ಟಾಗಿ ಇದೇ ಹೆಸರಿನಿಂದ ಕರೆಯುತ್ತಾರೆ. 1987ರ ನವೆಂಬರ್ 1ರಂದು ಹೊರಟ ಪಾದಯಾತ್ರೆಯಿಂದ ಈ ಹೆಸರು ಬಳಕೆಗೆ ಬಂತು. ಗುಜರಾತ್, ಮಹಾರಾಷ್ಟ್ರ, ಗೋವಾ, ಕರ್ನಾಟಕ, ಕೇರಳ, ತಮಿಳುನಾಡುಗಳಲ್ಲಿ ಘಟ್ಟ ಹರಡಿದೆ. ಚಳವಳಿಯ ಮಾತುಕತೆಯೂ ಅಷ್ಟೇ ಭಾಷೆಗಳಲ್ಲಿ ನಡೆದಿದೆ. ಸಂಬಳದ ಕಾರ್ಯಕರ್ತರ ಪಡೆಯಿಲ್ಲದೆ, ಎಲ್ಲ ಊರುಗಳಿಗೂ ಆಜ್ಞೆ ಹೊರಡಿಸುವ ಕೇಂದ್ರ ಸಮಿತಿಯಿಲ್ಲದೆ, ಶಿಕ್ಷಕರು, ಅಡಿಕೆ ಬೆಳೆಗಾರರು, ವಕೀಲರು, ಕಾಲೇಜು ಅಧ್ಯಾಪಕರು, ವೈದ್ಯರು, ಪತ್ರಕರ್ತರು ತಮ್ಮ ಕಸುಬಿನ ನಡುವೆಯೇ ನಡೆಸಿಕೊಂಡು ಬಂದ ಕೆಲಸ ಇದು.

ಹಿನ್ನೆಲೆ

ಒಕ್ಕೂಟ ಹುಟ್ಟುವ ಮೊದಲೇ ಅದರ ಸದಸ್ಯ ಸಂಘಟನೆಗಳು ಬೇರೆ ಬೇರೆ ಕಣಿವೆಗಳಲ್ಲಿ ಪಳಗಿದ್ದವು. ಕೇರಳದ ಪಾಲಕ್ಕಾಡ್ ಜಿಲ್ಲೆಯ ಸೈಲೆಂಟ್ ವ್ಯಾಲಿಯಲ್ಲಿ ಕುಂತಿಪುಳ ನದಿಗೆ ಅಣೆಕಟ್ಟು ಕಟ್ಟುವ ಯೋಜನೆಗೆ 1970ರ ದಶಕದಲ್ಲಿ ಒಪ್ಪಿಗೆ ಸಿಕ್ಕಿತ್ತು. ಸಿಂಗಳೀಕಗಳ ಆ ನಿತ್ಯಹರಿದ್ವರ್ಣ ಕಾಡನ್ನು ಉಳಿಸಲು ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು ಬೀದಿಗಿಳಿಯುವ ಮೊದಲು ಲೆಕ್ಕ ಹಿಡಿಯಿತು. ಈ ವಿದ್ಯುತ್ತಿನ ಅಗತ್ಯ ಎಷ್ಟು, ಅದನ್ನು ಬೇರೆ ಹೇಗೆ ಪಡೆಯಬಹುದು, ಕಾಡು ಹೋದರೆ ನಷ್ಟ ಏನು ಎಂಬುದನ್ನು ಜೀವವಿಜ್ಞಾನಿಗಳು, ಅರ್ಥಶಾಸ್ತ್ರಜ್ಞರು, ಎಂಜಿನಿಯರುಗಳು ಕೂಡಿ ಪರಿಶೀಲಿಸಿ ವರದಿ ಬರೆದರು. ಕವಯಿತ್ರಿ ಸುಗತಕುಮಾರಿಯವರಂಥವರು ಆ ವಾದವನ್ನು ಜನಮನಕ್ಕೆ ಮುಟ್ಟಿಸಿದರು. 1983ರಲ್ಲಿ ಯೋಜನೆಯನ್ನು ಕೈಬಿಡಲಾಯಿತು, 1984ರಲ್ಲಿ ಕಾಡು ರಾಷ್ಟ್ರೀಯ ಉದ್ಯಾನವಾಯಿತು.

ಇದೇ ಹೊತ್ತಿಗೆ ಉತ್ತರ ಕನ್ನಡದಲ್ಲಿ ಬೇಡ್ತಿ ನದಿಯ ಜಲವಿದ್ಯುತ್ ಯೋಜನೆಯ ಗದ್ದಲ ಎದ್ದಿತ್ತು. ಮುಳುಗಡೆಯಾಗಲಿದ್ದ ಊರುಗಳ ತೋಟಿಗರು ಮನವಿ ಕೊಟ್ಟು ಸುಮ್ಮನೆ ಕೂರಲಿಲ್ಲ. 1981ರಲ್ಲಿ ಶಿರಸಿಗೆ ವಿಜ್ಞಾನಿಗಳನ್ನು ಕರೆಸಿ ಯೋಜನೆಯ ಲಾಭ–ನಷ್ಟವನ್ನು ಎಲ್ಲರೆದುರು ಅಳೆಯುವ ವಿಚಾರ ಸಂಕಿರಣ ನಡೆಸಿದರು. ಅಡಿಕೆ ಸೊಸೈಟಿಯ ಬೆಂಬಲ ಅದಕ್ಕಿತ್ತು. ಅಡಿಕೆ, ಮೆಣಸು, ಏಲಕ್ಕಿ, ಜೇನು, ಸೊಪ್ಪು, ಕಾಡಿನ ಮರ ಇವುಗಳ ಬೆಲೆಯನ್ನು ಸರಿಯಾಗಿ ಸೇರಿಸಿದರೆ ಯೋಜನೆಯ ಲೆಕ್ಕ ನಿಲ್ಲುವುದಿಲ್ಲ ಎಂದು ಅಲ್ಲಿ ತೋರಿಸಿಕೊಟ್ಟರು. ಯೋಜನೆ ಅಲ್ಲಿಗೆ ನಿಂತಿತು. ಅಣೆಕಟ್ಟಿನ ವಿಷಯದಲ್ಲಿ ಹಳ್ಳಿಯವರೇ ತಜ್ಞರನ್ನು ಕೂರಿಸಿ ಪ್ರಶ್ನೆ ಕೇಳಿದ ಈ ಸಭೆ, ನನ್ನ ದೃಷ್ಟಿಯಲ್ಲಿ, ಕರ್ನಾಟಕದ ಪರಿಸರ ಚಳವಳಿಯ ಬಹು ದೊಡ್ಡ ಕೊಡುಗೆ. ಮುಂದೆ ಘಟ್ಟದುದ್ದಕ್ಕೂ ನಡೆದ ಬಹುತೇಕ ಹೋರಾಟಗಳಲ್ಲಿ ಇದೇ ಕ್ರಮ ಕಾಣುತ್ತದೆ.

1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿ ಸುತ್ತಿನ ಊರವರು ಕಳಾಸೆ ಕಾಡಿಗೆ ನಡೆದುಹೋಗಿ ಮರಗಳನ್ನು ಅಪ್ಪಿಕೊಂಡರು. ಸುಂದರಲಾಲ್ ಬಹುಗುಣ ಅದಕ್ಕೆ ಸ್ವಲ್ಪ ಮೊದಲು ಶಿರಸಿಗೆ ಬಂದು ಹಿಮಾಲಯದ ಚಿಪ್ಕೊ ಚಳವಳಿಯ ಅನುಭವ ಹೇಳಿಹೋಗಿದ್ದರು. ಆಯ್ದ ಮರಗಳನ್ನು ಮಾತ್ರ ಕಡಿಯುತ್ತೇವೆ ಎನ್ನುವುದು ಅರಣ್ಯ ಇಲಾಖೆಯ ಮಾತಾಗಿತ್ತು. ಊರವರು ಕಾಡಿನೊಳಗೆ ಹೋಗಿ ನೋಡಿದಾಗ ಗುರುತು ಹಾಕಿದ ದೊಡ್ಡ ಮರ ಉರುಳುವಾಗ ಸುತ್ತಲಿನ ಎಳೆಯ ಮರಗಳೂ ಮುರಿದು ಬಿದ್ದಿದ್ದವು, ಮರ ಸಾಗಿಸಲು ಮಾಡಿದ ದಾರಿಯಲ್ಲಿ ಮಣ್ಣು ಕಿತ್ತುಹೋಗಿತ್ತು. ಅಪ್ಪಿಕೊಂಡು ನಿಂತವರಲ್ಲಿ ಹೆಂಗಸರು ದೊಡ್ಡ ಸಂಖ್ಯೆಯಲ್ಲಿದ್ದರು. ಕಾವಲು 38 ದಿನ ನಡೆಯಿತು. ಪಾಂಡುರಂಗ ಹೆಗಡೆ ಮತ್ತು ಗೆಳೆಯರು ಮುನ್ನಡೆಸಿದ ಈ ಅಪ್ಪಿಕೊ ಚಳವಳಿ 'ಉಳಿಸು, ಬೆಳೆಸು, ಬಳಸು' ಎಂಬ ಮೂರು ಮಾತನ್ನು ಊರೂರಿಗೆ ಒಯ್ದಿತು. ಮೂರನೆಯ ಮಾತಿಗೆ ವಿಶೇಷ ತೂಕವಿದೆ. ಸೊಪ್ಪಿನಬೆಟ್ಟದಿಂದ ಗೊಬ್ಬರಕ್ಕೆ ಸೊಪ್ಪು, ದರಕು ತರುವ ತೋಟಿಗರಿಗೆ ಕಾಡನ್ನು ಬಳಸುವುದೂ ಉಳಿಸುವುದೂ ಒಂದೇ ಕೆಲಸದ ಎರಡು ಮುಖ.

ಬಯಲುಸೀಮೆಯ ಅಂಚಿನಲ್ಲಿ ಹೋರಾಟಕ್ಕೆ ಬೇರೆ ಕಾರಣವಿತ್ತು. 1984ರಲ್ಲಿ ರಾಜ್ಯ ಸರ್ಕಾರದ ಅರಣ್ಯ ಅಭಿವೃದ್ಧಿ ನಿಗಮ ಮತ್ತು ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿ ಸ್ಥಾಪಿಸಿದವು. ಧಾರವಾಡ, ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡ ಜಿಲ್ಲೆಗಳ ಸುಮಾರು 75,000 ಎಕರೆ ಸಮುದಾಯದ ಜಮೀನಿನಲ್ಲಿ ಕಾರ್ಖಾನೆಗೆ ಬೇಕಾದ ನೀಲಗಿರಿ ಬೆಳೆಸುವುದು ಉದ್ದೇಶವಾಗಿತ್ತು. ದನ ಮೇಯುವ ಗೋಮಾಳ, ಉರುವಲು ಆರಿಸುವ ಕುರುಚಲು ಕಾಡು ಎಲ್ಲ ಅದರಲ್ಲಿ ಸೇರಿತು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಇದನ್ನು ಎತ್ತಿಕೊಂಡಿತು. ಶಿವರಾಮ ಕಾರಂತರು ಮುಂದೆ ನಿಂತ ರಿಟ್ ಅರ್ಜಿಯ ಮೇಲೆ 1987ರಲ್ಲಿ ಸುಪ್ರೀಂ ಕೋರ್ಟು ಜಮೀನು ಹಸ್ತಾಂತರಕ್ಕೆ ತಡೆ ನೀಡಿತು. ಅದೇ ವರ್ಷ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ 'ಕಿತ್ತಿಕೊ–ಹಚ್ಚಿಕೊ' ಸತ್ಯಾಗ್ರಹ ನಡೆಯಿತು. ಜನ ನೀಲಗಿರಿ ಸಸಿ ಕಿತ್ತರು, ಕಿತ್ತ ಜಾಗದಲ್ಲಿ ತಮಗೆ ಹಣ್ಣು, ಮೇವು ಕೊಡುವ ಗಿಡ ನೆಟ್ಟರು. ಕಿತ್ತು ಬಿಸಾಡಿ ಮನೆಗೆ ಹೋಗಿದ್ದರೆ ಅದು ಬರೀ ಪ್ರತಿಭಟನೆಯಾಗುತ್ತಿತ್ತು. ನೆಟ್ಟಿದ್ದರಿಂದ ಈ ಜಮೀನು ಯಾರದು, ಯಾತಕ್ಕೆ ಎಂಬ ಪ್ರಶ್ನೆಗೆ ಅಲ್ಲಿಯೇ ಉತ್ತರ ಕೊಟ್ಟಂತಾಯಿತು. 1991ರಲ್ಲಿ ಕಂಪನಿ ಮುಚ್ಚಿತು.

ಪಾದಯಾತ್ರೆ

ಕುಸನೂರಿನ ಸತ್ಯಾಗ್ರಹದ ಹೊತ್ತಿಗೆ ಪಶ್ಚಿಮಘಟ್ಟ ಉಳಿಸಿ ಪಾದಯಾತ್ರೆ ದಾರಿಯಲ್ಲಿತ್ತು. ಒಂದು ತಂಡ ಉತ್ತರದಲ್ಲಿ ಮಹಾರಾಷ್ಟ್ರದ ನವಾಪುರದಿಂದ, ಇನ್ನೊಂದು ದಕ್ಷಿಣದಲ್ಲಿ ಕನ್ಯಾಕುಮಾರಿಯಿಂದ ಒಂದೇ ದಿನ ಹೊರಟು, ಮೂರು ತಿಂಗಳ ನಂತರ 1988ರ ಫೆಬ್ರವರಿ 2ರಂದು ಗೋವಾದ ಫೋಂಡಾ ಬಳಿ ಕೂಡಿದವು. ನೂರೈವತ್ತರಷ್ಟು ಸಂಘಟನೆಗಳು ಇದರಲ್ಲಿ ಕೈಜೋಡಿಸಿದ್ದವು. ಗೋವಾದ ಪೀಸ್‌ಫುಲ್ ಸೊಸೈಟಿಯ ಕುಮಾರ್ ಕಲಾನಂದ ಮಣಿ ಸಂಯೋಜಕರಲ್ಲಿ ಮುಖ್ಯರು. ಯಾತ್ರಿಕರು ಹಗಲು ನಡೆದು, ಸಿಕ್ಕಿದ ಊರಿನಲ್ಲಿ ಸಭೆ ಸೇರಿಸಿ, ಆ ಊರಿನ ಕಾಡು–ನೀರಿನ ಸ್ಥಿತಿಯನ್ನು ಅಲ್ಲಿನವರ ಬಾಯಿಂದಲೇ ಕೇಳಿ ಬರೆದುಕೊಂಡರು. ಊಟ, ವಸತಿಯ ಹೊಣೆ ಆಯಾ ಊರಿನ ಸಂಘಟನೆಗಳದ್ದಾಗಿತ್ತು.

ಈ ಯಾತ್ರೆಯ ಮುಖ್ಯ ಫಲ ಪತ್ರಿಕೆಗಳಲ್ಲಿ ಬಂದ ಸುದ್ದಿಗಿಂತ ಬೇರೆಯದು. ಅದುವರೆಗೆ ಸಹ್ಯಾದ್ರಿ, ಮಲೆನಾಡು, ಕೊಡಗು, ವಯನಾಡು, ನೀಲಗಿರಿ, ಏಲಕ್ಕಿಮಲೆ ಎಂದು ತುಂಡು ತುಂಡಾಗಿ ಕಾಣುತ್ತಿದ್ದ ಸೀಮೆ ಒಂದೇ ಘಟ್ಟಸಾಲು, ಒಂದೇ ಮಳೆ, ಒಂದೇ ಬಗೆಯ ಸಂಕಟದ ನೆಲ ಎಂಬುದು ನಡೆದವರಿಗೆ ಕಾಲಿನಿಂದಲೇ ತಿಳಿಯಿತು. ಗಣಿ ಒಂದು ಕಡೆ, ಅಣೆಕಟ್ಟು ಇನ್ನೊಂದು ಕಡೆ, ಏಕಜಾತಿ ನೆಡುತೋಪು ಮತ್ತೊಂದು ಕಡೆ. ಇವನ್ನು ಎದುರಿಸುತ್ತಿದ್ದವರಿಗೆ ಪಕ್ಕದ ಜಿಲ್ಲೆಯಲ್ಲಿ ತಮ್ಮಂಥವರೇ ಇದ್ದಾರೆ ಎಂಬ ಗುರುತು ಇರಲಿಲ್ಲ. ಯಾತ್ರೆ ಆ ಪರಿಚಯವನ್ನು ಮಾಡಿಸಿತು. ಮುಂದಿನ ಮೂರು ದಶಕ ಒಕ್ಕೂಟ ನಡೆದದ್ದು ಬಹುಮಟ್ಟಿಗೆ ಆಗ ಬೆಳೆದ ವೈಯಕ್ತಿಕ ಸ್ನೇಹ, ವಿಶ್ವಾಸಗಳ ಮೇಲೆಯೇ.

ಒಕ್ಕೂಟದ ಸ್ವರೂಪ

ಸದಸ್ಯ ಸಂಘಟನೆಗಳು ಗಾತ್ರದಲ್ಲೂ ಸ್ವಭಾವದಲ್ಲೂ ಒಂದೇ ತರಹ ಇಲ್ಲ. ಬೆಳ್ತಂಗಡಿ ತಾಲ್ಲೂಕಿನ ಗುರುವಾಯನಕೆರೆಯ ನಾಗರಿಕ ಸೇವಾ ಟ್ರಸ್ಟ್ ಗ್ರಾಹಕ ಹಕ್ಕು, ಆಡಳಿತದ ಪಾರದರ್ಶಕತೆಯ ಕೆಲಸದಿಂದ ಪರಿಸರಕ್ಕೆ ಬಂದದ್ದು. ಊಟಿಯ ಸೇವ್ ನೀಲಗಿರೀಸ್ ಕ್ಯಾಂಪೇನ್ ವಕೀಲ ಬಿ.ಜೆ. ಕೃಷ್ಣನ್ ಅವರಿಂದ ಬಲ ಪಡೆದದ್ದು. ಹೊನ್ನಾವರದ ಕಾಸರಕೋಡಿನ ಸ್ನೇಹಕುಂಜ ಆರೋಗ್ಯ ಸೇವೆಯ ಮೂಲಕ ಜನರ ನಡುವೆ ಬೇರೂರಿ ನದೀಮುಖಜ ಭೂಮಿ, ಕಾಂಡ್ಲಾವನದ ಕೆಲಸಕ್ಕೆ ಕೈಹಾಕಿತು. ಕೇರಳದ ಚಾಲಕುಡಿ ಪುಳ ಸಂರಕ್ಷಣ ಸಮಿತಿ ಒಂದೇ ಒಂದು ನದಿಗೆ ಮುಡಿಪಾದದ್ದು. ಅದಿರಪ್ಪಿಳ್ಳಿ ಜಲಪಾತದ ಮೇಲ್ಭಾಗದಲ್ಲಿ ಬರಲಿದ್ದ 163 ಮೆಗಾವಾಟ್ ಯೋಜನೆಯನ್ನು ಅದು ದಶಕಗಳ ಕಾಲ ತಡೆದು ನಿಲ್ಲಿಸಿತು. ಶಿರಸಿ ಸೀಮೆಯಲ್ಲಿ ಸೋಂದಾ ಸ್ವರ್ಣವಲ್ಲಿ ಮಠದ ಗಂಗಾಧರೇಂದ್ರ ಸರಸ್ವತೀ ಸ್ವಾಮೀಜಿಯವರ ಗೌರವಾಧ್ಯಕ್ಷತೆಯ ಬೇಡ್ತಿ–ಅಘನಾಶಿನಿ ಕೊಳ್ಳ ಸಂರಕ್ಷಣಾ ಸಮಿತಿ, ಅನಂತ ಹೆಗಡೆ ಅಶೀಸರರ ವೃಕ್ಷಲಕ್ಷ ಆಂದೋಲನ ಇವೆ. ಒಂದು ಮಠ ನದಿಯ ಪರವಾಗಿ ಪಾದಯಾತ್ರೆ ಹೊರಡುವುದನ್ನು ಹೊರಗಿನವರು ಅಚ್ಚರಿಯಿಂದ ನೋಡಿದ್ದಾರೆ. ಮಠದ ಶಿಷ್ಯರ ತೋಟ, ಮನೆ, ದೇವಸ್ಥಾನಗಳೇ ಮುಳುಗಡೆಯ ಅಂಚಿನಲ್ಲಿದ್ದದ್ದರಿಂದ ಸೀಮೆಯವರಿಗೆ ಅದು ಸಹಜ ನಡೆಯೇ ಆಗಿತ್ತು.

ಹಣದ ವ್ಯವಹಾರ ಸಣ್ಣದು. ಸಭೆ ಯಾವ ಊರಿನಲ್ಲೋ ಆ ಊರಿನವರದ್ದೇ ಖರ್ಚು. ಇದರಿಂದ ಒಕ್ಕೂಟ ಯಾರ ಹಂಗಿಗೂ ಬೀಳದೆ ಉಳಿಯಿತು. ಮುಂಚೂಣಿಯ ಇಬ್ಬರು ಮೂವರು ದಣಿದಾಗ ವರ್ಷಗಟ್ಟಲೆ ಸುಮ್ಮನಾದದ್ದೂ ಇದೇ ಕಾರಣಕ್ಕೆ. 1990ರ ದಶಕದಲ್ಲಿ ಸ್ಥಳೀಯ ಹೋರಾಟಗಳು ಜೋರಾಗಿಯೇ ಇದ್ದರೂ ಆರು ರಾಜ್ಯಗಳವರು ಒಟ್ಟಾಗಿ ಸೇರುವುದು ಅಪರೂಪವಾಗಿತ್ತು. 2009ರ ಸುಮಾರಿಗೆ ಹಳಬರೂ ಹೊಸಬರೂ ಕೂಡಿಕೊಂಡು ಒಕ್ಕೂಟಕ್ಕೆ ಮತ್ತೆ ಜೀವ ಕೊಟ್ಟರು.

ಕೆಲಸದ ಬಗೆ

ಧರಣಿ, ಮೆರವಣಿಗೆಗಳ ಚಿತ್ರಗಳು ಪತ್ರಿಕೆಯಲ್ಲಿ ಬರುತ್ತವೆ. ಕಾಣದ ಕೆಲಸವೆಂದರೆ ಕಾಗದ ಓದುವುದು. ದೊಡ್ಡ ಯೋಜನೆಗಳಿಗೆ ಪರಿಸರ ಪರಿಣಾಮದ ಅಂದಾಜು ವರದಿ ಬೇಕು ಎಂಬ ಅಧಿಸೂಚನೆ 1994ರಲ್ಲಿ ಬಂತು, 1997ರಲ್ಲಿ ಅದಕ್ಕೆ ಸಾರ್ವಜನಿಕ ಅಹವಾಲು ಸಭೆ ಸೇರಿತು, 2006ರಲ್ಲಿ ಇಡೀ ನಿಯಮ ಪರಿಷ್ಕೃತವಾಯಿತು. ಸಭೆಗೆ ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು, ವರದಿಯ ಸಾರಾಂಶ ರಾಜ್ಯದ ಭಾಷೆಯಲ್ಲೂ ಇರಬೇಕು, ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ ಅಧ್ಯಕ್ಷತೆ ವಹಿಸಬೇಕು, ನಡಾವಳಿಯನ್ನು ವಿಡಿಯೊ ಮಾಡಬೇಕು, ಕೊನೆಗೆ ಸಭೆಯ ಸಾರವನ್ನು ಸೇರಿದವರ ಭಾಷೆಯಲ್ಲಿ ಓದಿ ಹೇಳಬೇಕು.

ಆ 30 ದಿನಗಳಲ್ಲಿ ಸ್ವಯಂಸೇವಕರು ಮಾಡುವುದನ್ನು ಹತ್ತಿರದಿಂದ ನೋಡಿದರೆ ಈ ಚಳವಳಿಯ ತಿರುಳು ಸಿಗುತ್ತದೆ. ಒಬ್ಬರು ಜಿಲ್ಲಾಧಿಕಾರಿ ಕಚೇರಿಗೆ ಹೋಗಿ ನೂರಾರು ಪುಟಗಳ ವರದಿಯ ಪ್ರತಿ ತರುತ್ತಾರೆ. ಕಾಲೇಜಿನ ಸಸ್ಯಶಾಸ್ತ್ರದ ಅಧ್ಯಾಪಕರು ಗಿಡಮರಗಳ ಪಟ್ಟಿ ನೋಡುತ್ತಾರೆ: ಆ ಬೆಟ್ಟದಲ್ಲಿ ಇರುವ ಜಾತಿ ಬಿಟ್ಟುಹೋಗಿದೆಯೇ, ಇರಲು ಸಾಧ್ಯವೇ ಇಲ್ಲದ ಜಾತಿ ಬೇರೆ ವರದಿಯಿಂದ ಜಿಗಿದು ಬಂದಿದೆಯೇ? ರತ್ನಾಗಿರಿ ಜಿಲ್ಲೆಯ ಬಾಕ್ಸೈಟ್ ಗಣಿಯೊಂದರ ವರದಿಯಲ್ಲಿ ರಷ್ಯಾದ ಗಣಿಯೊಂದರ ವರದಿಯ ಭಾಗಗಳೇ ಇದ್ದದ್ದು ಇಂಥ ಓದಿನಿಂದಲೇ ಬೆಳಕಿಗೆ ಬಂತು. ವಕೀಲರು ಸರ್ವೆ ನಂಬರು, ಪಹಣಿ, ಅರಣ್ಯದ ದರ್ಜೆ ತಾಳೆ ನೋಡುತ್ತಾರೆ. ಊರಿನ ಹಿರಿಯರು ನಕ್ಷೆಯಲ್ಲಿ ಕಾಣದ ಹಳ್ಳ, ಒರತೆ, ದೇವರಕಾಡು, ಮೀನು ಮೊಟ್ಟೆಯಿಡುವ ಮಡು ಎಲ್ಲೆಲ್ಲಿವೆ ಎಂದು ತೋರಿಸುತ್ತಾರೆ. ಸಭೆಯ ದಿನ ಮೈಕ್ ಮುಂದೆ ಬಂದವರು ಇಂಥ ಪುಟ, ಇಂಥ ಕೋಷ್ಟಕ ಎಂದು ಹೆಸರಿಸಿ ಮಾತಾಡಿದರೆ ಅಧಿಕಾರಿಗಳು ಅದನ್ನು ದಾಖಲಿಸಲೇಬೇಕಾಗುತ್ತದೆ. ನಾಳೆ ಪ್ರಕರಣ ಕೋರ್ಟಿಗೆ ಹೋದರೆ ನಿಲ್ಲುವುದು ಆ ದಾಖಲೆಯೇ.

ಅಘನಾಶಿನಿಯ ಅಳಿವೆಯಲ್ಲಿ ಈ ಬಗೆಯ ಕೆಲಸ ಚೆನ್ನಾಗಿ ಫಲ ಕೊಟ್ಟಿತು. ಕುಮಟಾ ತಾಲ್ಲೂಕಿನ ತದಡಿಯಲ್ಲಿ 4,000 ಮೆಗಾವಾಟ್ ಕಲ್ಲಿದ್ದಲು ವಿದ್ಯುತ್ ಸ್ಥಾವರ ಬರುತ್ತದೆ ಎಂದು 2006ರ ಸುಮಾರಿಗೆ ಪ್ರಸ್ತಾವವಾದಾಗ ಆ ಜಾಗವನ್ನು ಪಾಳುಬಿದ್ದ ಜೌಗು ಎಂಬಂತೆ ನೋಡಲಾಗಿತ್ತು. ಅಲ್ಲಿ ನೀರಿಳಿದಾಗ ಬೆಳಚು ಹೆಕ್ಕುವವರು ಸಾವಿರಾರು ಮಂದಿ, ಅವರಲ್ಲಿ ಹೆಂಗಸರೇ ಬಹಳ. ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರ, ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತ, ಭತ್ತ ಕೊಯ್ದ ಮೇಲೆ ಅದೇ ಗದ್ದೆಯಲ್ಲಿ ಸಿಗಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಿಗಳು ಸ್ಥಳೀಯರ ಜೊತೆ ಕೂತು ಮೀನು, ಚಿಪ್ಪು, ಸಿಗಡಿಯಿಂದ ಹುಟ್ಟುವ ದುಡಿಮೆ ಮತ್ತು ಆದಾಯದ ಅಂದಾಜು ಮಾಡಿದರು. ಪಾಳು ಎನ್ನಿಸಿದ ಅಳಿವೆ ದುಡಿಯುವ ಅಳಿವೆ ಎಂದು ಕಾಗದದಲ್ಲೂ ಸಾಬೀತಾಯಿತು. ಸ್ಥಾವರದ ಪ್ರಸ್ತಾವ ಹಿಂದೆ ಸರಿಯಿತು. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ರಾಮ್ಸಾರ್ ಜೌಗುಭೂಮಿಯ ಪಟ್ಟಿಗೆ ಸೇರಿತು.

ಕೋರ್ಟು ಮತ್ತೊಂದು ದಾರಿ. ಕುದುರೆಮುಖದಲ್ಲಿ 1970ರ ದಶಕದಿಂದ ಕಬ್ಬಿಣದ ಅದಿರು ತೆಗೆಯುತ್ತಿದ್ದರು. ಸುತ್ತಲಿನ ಕಾಡು 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಮೇಲೂ ಗಣಿ ನಡೆದೇ ಇತ್ತು. ಮಳೆಗಾಲದಲ್ಲಿ ಭದ್ರೆಗೆ ಸೇರುತ್ತಿದ್ದ ಹೂಳಿನ ಅಳತೆ, ಚಿತ್ರ, ಕಾನೂನಿನ ದಾಖಲೆ ಜೋಡಿಸಿಕೊಂಡು ವೈಲ್ಡ್‌ಲೈಫ್ ಫಸ್ಟ್ ಸಂಸ್ಥೆ ಸುಪ್ರೀಂ ಕೋರ್ಟಿಗೆ ಹೋಯಿತು. 2002ರ ತೀರ್ಪಿನಂತೆ 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. ದೇಶದ ಅರಣ್ಯ ಆಡಳಿತವನ್ನೇ ಬದಲಿಸಿದ ಗೋದಾವರ್ಮನ್ ಪ್ರಕರಣ ಹುಟ್ಟಿದ್ದು ನೀಲಗಿರಿ ಜಿಲ್ಲೆಯ ಗೂಡಲೂರು ಕಾಡಿನ ಕಡಿತದಿಂದ ಎಂಬುದನ್ನೂ ಇಲ್ಲಿ ನೆನೆಯಬೇಕು.

ಎಲ್ಲ ಹೋರಾಟವೂ ಗೆದ್ದಿಲ್ಲ. ಕೈಗಾ ಅಣುಸ್ಥಾವರದ ವಿರುದ್ಧ ಎಂಬತ್ತು ದಾಟಿದ ಶಿವರಾಮ ಕಾರಂತರು 1989ರಲ್ಲಿ ಲೋಕಸಭೆಗೆ ಸ್ಪರ್ಧಿಸಿದರು. ಚುನಾವಣೆಯಲ್ಲಿ ಸೋತರು, ಸ್ಥಾವರವೂ ಬಂತು. 1994ರಲ್ಲಿ ನಿರ್ಮಾಣ ಹಂತದಲ್ಲೇ ಅದರ ಗುಮ್ಮಟದ ಕಾಂಕ್ರೀಟ್ ಕಳಚಿ ಬಿದ್ದಾಗ ಅವರ ಆತಂಕಗಳ ಬಗ್ಗೆ ಮತ್ತೆ ಚರ್ಚೆಯಾಯಿತು. ಶರಾವತಿಯ ಕೊನೆಯ ಹಂತದ ಗೇರುಸೊಪ್ಪೆ ಅಣೆಕಟ್ಟೂ ವಿರೋಧದ ನಡುವೆಯೇ ಎದ್ದಿತು.

ಕಾಡಿನ ದಾಖಲಾತಿ ಒಕ್ಕೂಟದ ನಿಧಾನದ ಕೆಲಸ. 1990ರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರ ಪ್ರೇರಣೆಯಿಂದ ಘಟ್ಟದ ಕಾಲೇಜುಗಳ ಅಧ್ಯಾಪಕರು ತಮ್ಮ ಸುತ್ತಿನ ಗಿಡ, ಹಕ್ಕಿ, ಚಿಟ್ಟೆ, ಮೀನುಗಳ ಪಟ್ಟಿ ಮಾಡತೊಡಗಿದರು. ಊರವರ ತಿಳಿವಳಿಕೆಯನ್ನು ಊರವರೇ ಬರೆದಿಡುವ ಜನತಾ ಜೀವವೈವಿಧ್ಯ ದಾಖಲಾತಿ ಆಗಲೇ ಶುರುವಾಗಿ, 2002ರ ಜೀವವೈವಿಧ್ಯ ಕಾಯ್ದೆಯಲ್ಲಿ ಪಂಚಾಯಿತಿಗಳ ಹೊಣೆಯಾಗಿ ಸೇರಿತು. ಬಹಳ ಪಂಚಾಯಿತಿಗಳಲ್ಲಿ ಅದು ಅಲ್ಮೇರಾದ ಪುಸ್ತಕವಾಗಿ ಉಳಿದಿದೆ. ಸಿಂಗಳೀಕ ಮತ್ತು ರಾಂಪತ್ರೆ ಜಡ್ಡಿಗಳಿರುವ ಅಘನಾಶಿನಿ ಕೊಳ್ಳ, ಬೇಡ್ತಿ ಕೊಳ್ಳಗಳು 2011ರಲ್ಲಿ ಸಂರಕ್ಷಿತ ಮೀಸಲುಗಳಾಗಿ ಘೋಷಣೆಯಾಗಲು ಇಂಥ ದಾಖಲೆಗಳೇ ಆಧಾರವಾದವು.

ಗಾಡ್ಗೀಳ್ ವರದಿ ಮತ್ತು ನಂತರ

2010ರ ಫೆಬ್ರವರಿಯಲ್ಲಿ ನೀಲಗಿರಿಯ ಕೋಟಗಿರಿಯಲ್ಲಿ ಒಕ್ಕೂಟದ ಸಮಾವೇಶ ನಡೆಯಿತು. ಆಗಿನ ಕೇಂದ್ರ ಪರಿಸರ ಸಚಿವ ಜೈರಾಮ್ ರಮೇಶ್ ಬಂದು ಕೂತು ಕೇಳಿದರು. ಮರು ತಿಂಗಳೇ ಮಾಧವ ಗಾಡ್ಗೀಳರ ಅಧ್ಯಕ್ಷತೆಯಲ್ಲಿ ಪಶ್ಚಿಮಘಟ್ಟ ಪರಿಸರ ತಜ್ಞರ ಸಮಿತಿ ನೇಮಕವಾಯಿತು. ವಿಜ್ಞಾನಿಗಳ ಜೊತೆ ಒಕ್ಕೂಟದ ಬಿ.ಜೆ. ಕೃಷ್ಣನ್, ನಾಗರಿಕ ಸೇವಾ ಟ್ರಸ್ಟಿನ ವಿದ್ಯಾ ನಾಯಕ್ ಸದಸ್ಯರಾದರು. ಕನ್ನಡಿಗರಿಗೆ ಕಾದಂಬರಿಕಾರರಾಗಿಯೂ ಪರಿಚಿತರಾದ ಕೆ.ಎನ್. ಗಣೇಶಯ್ಯ ಅದರಲ್ಲಿದ್ದರು. ಸ್ವಯಂಸೇವಕರ ಕೂಟವೊಂದರ ಬೇಡಿಕೆ ಇಷ್ಟು ಬೇಗ ಸರ್ಕಾರಿ ಆದೇಶವಾದ ಉದಾಹರಣೆ ಹೆಚ್ಚಿಲ್ಲ.

2011ರ ಆಗಸ್ಟ್‌ನಲ್ಲಿ ಸಲ್ಲಿಕೆಯಾದ ವರದಿ ಇಡೀ ಘಟ್ಟವನ್ನು ಪರಿಸರ ಸೂಕ್ಷ್ಮ ಎಂದು ಪರಿಗಣಿಸಿ, 142 ತಾಲ್ಲೂಕುಗಳನ್ನು ಮೂರು ದರ್ಜೆಗಳಲ್ಲಿ ವಿಂಗಡಿಸಿತು. ಯಾವ ದರ್ಜೆಯಲ್ಲಿ ಏನು ಸಲ್ಲುತ್ತದೆ ಎಂಬ ಅಂತಿಮ ತೀರ್ಮಾನ ಗ್ರಾಮಸಭೆಗಳಲ್ಲಿ ಆಗಬೇಕು ಎಂದಿತು. ಅದಿರಪ್ಪಿಳ್ಳಿ ಮತ್ತು ಸಕಲೇಶಪುರ ಸೀಮೆಯ ಗುಂಡ್ಯ ಜಲವಿದ್ಯುತ್ ಯೋಜನೆಗಳು ಬೇಡ ಎಂದು ಸ್ಪಷ್ಟವಾಗಿ ಹೇಳಿತು. ಮಂತ್ರಾಲಯ ವರದಿಯನ್ನು ತಿಂಗಳುಗಟ್ಟಲೆ ಹೊರಗೆ ಬಿಡಲಿಲ್ಲ. ಮಾಹಿತಿ ಹಕ್ಕಿನ ಅರ್ಜಿ, ಕೇಂದ್ರ ಮಾಹಿತಿ ಆಯೋಗದ ಆದೇಶ, ದೆಹಲಿ ಹೈಕೋರ್ಟಿನ ಮೆಟ್ಟಿಲು ಇವೆಲ್ಲ ದಾಟಿ 2012ರ ಮೇ ತಿಂಗಳಲ್ಲಿ ಅದು ಬೆಳಕು ಕಂಡಿತು.

ಬೆಳಕು ಕಂಡದ್ದೂ ಇಂಗ್ಲಿಷಿನಲ್ಲಿ. ಕನ್ನಡ, ಮಲಯಾಳ, ಮರಾಠಿ, ಕೊಂಕಣಿಗೆ ಅನುವಾದಿಸಿ ಪ್ರತಿ ಗ್ರಾಮಸಭೆಯ ಮುಂದಿಡಿ ಎಂಬ ಆಶಯ ನೆರವೇರುವ ಮೊದಲೇ ಮಲೆನಾಡಿನ ಹಳ್ಳಿಗಳಲ್ಲಿ ಬೇರೆ ಮಾತು ಹಬ್ಬಿತು: ಮನೆ ಕಟ್ಟುವಂತಿಲ್ಲ, ದನ ಸಾಕುವಂತಿಲ್ಲ, ತೋಟಕ್ಕೆ ಔಷಧಿ ಹೊಡೆಯುವಂತಿಲ್ಲ, ಕೊನೆಗೆ ಒಕ್ಕಲೆಬ್ಬಿಸುತ್ತಾರೆ. ಅರಣ್ಯ ಇಲಾಖೆಯ ನೋಟಿಸುಗಳಿಂದ ಮೊದಲೇ ನೊಂದವರಿಗೆ ಆ ಮಾತು ನಂಬಲು ಕಷ್ಟವಾಗಲಿಲ್ಲ. ಕುದುರೆಮುಖ ಉದ್ಯಾನದ ಒಳಗಿನ ಊರುಗಳ ಒಕ್ಕಲೆಬ್ಬಿಸುವಿಕೆಯ ಭೀತಿ, ಬಗರ್‌ಹುಕುಂ ಜಮೀನಿನ ಅನಿಶ್ಚಿತತೆ, ಮುಳುಗಡೆ ಸಂತ್ರಸ್ತರಿಗೆ ಹಕ್ಕುಪತ್ರ ಸಿಗದೆ ಎರಡು ತಲೆಮಾರು ಕಳೆದದ್ದು ಇವೆಲ್ಲ ಜನರ ನೆನಪಿನಲ್ಲಿದ್ದವು. ಒಕ್ಕೂಟದ ಅತಿ ದೊಡ್ಡ ಸೋಲು ಇಲ್ಲಿದೆ ಎಂದು ಹೇಳಬೇಕಾಗುತ್ತದೆ. ಬೇಡ್ತಿಯ ದಿನಗಳಲ್ಲಿ ಲೆಕ್ಕವನ್ನು ಹಳ್ಳಿಯ ಅಂಗಳಕ್ಕೆ ತಂದ ಸಂಘಟನೆಗಳೇ ತಾವು ಬೇಡಿ ಪಡೆದ ವರದಿಯನ್ನು ಅಂಗಳಕ್ಕೆ ಒಯ್ಯಲು ತಡಮಾಡಿದವು. ಅಷ್ಟರಲ್ಲಿ ಆ ಜಾಗವನ್ನು ಗಣಿ, ಕ್ವಾರಿ, ರೆಸಾರ್ಟಿನ ಹಿತಾಸಕ್ತಿಗಳೂ ರಾಜಕೀಯ ಪಕ್ಷಗಳೂ ತುಂಬಿದ್ದವು.

2012ರ ಆಗಸ್ಟ್‌ನಲ್ಲಿ ನೇಮಕವಾದ ಕೆ. ಕಸ್ತೂರಿರಂಗನ್ ಸಮಿತಿ ಮರುವರ್ಷ ವರದಿ ಕೊಟ್ಟು ಘಟ್ಟದ ಶೇ. 37ರಷ್ಟು ಭಾಗವನ್ನು, ಅಂದರೆ ಸುಮಾರು 60,000 ಚದರ ಕಿ.ಮೀ. ನೆಲವನ್ನು ಮಾತ್ರ ಪರಿಸರ ಸೂಕ್ಷ್ಮ ಪ್ರದೇಶ ಎಂದು ಗುರುತಿಸಿತು. ಅದರಲ್ಲಿ ಕರ್ನಾಟಕದ ಪಾಲು 20,668 ಚ.ಕಿ.ಮೀ. 2014ರಿಂದ 2024ರ ಜುಲೈವರೆಗೆ ಕೇಂದ್ರ ಆರು ಕರಡು ಅಧಿಸೂಚನೆಗಳನ್ನು ಹೊರಡಿಸಿದೆ. ಆರನೆಯದು ಬಂದದ್ದು ವಯನಾಡಿನ ಭೂಕುಸಿತದ ಮರುದಿನ. ಕರ್ನಾಟಕ ಸಚಿವ ಸಂಪುಟ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕಸ್ತೂರಿರಂಗನ್ ವರದಿಯನ್ನು ಮತ್ತೊಮ್ಮೆ ತಿರಸ್ಕರಿಸಿತು. ಈ ನಡುವೆ 2012ರಲ್ಲಿ ಘಟ್ಟದ 39 ತಾಣಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು, ಅವುಗಳಲ್ಲಿ ಹತ್ತು ಕರ್ನಾಟಕದವು.

ನದಿ ಮತ್ತು ರಾಜ್ಯದ ಗಡಿ

ಒಕ್ಕೂಟದ ಸ್ನೇಹಕ್ಕೆ ಕಠಿಣ ಪರೀಕ್ಷೆ ಬಂದದ್ದು ನೀರಿನಿಂದ. ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಹುಟ್ಟುವ ಮಹದಾಯಿ ಗೋವಾದಲ್ಲಿ ಮಾಂಡೋವಿಯಾಗಿ ಸಮುದ್ರ ಸೇರುತ್ತದೆ. ಕಳಸಾ–ಬಂಡೂರಿ ನಾಲೆಗಳ ಮೂಲಕ ಅದರ ನೀರನ್ನು ಮಲಪ್ರಭೆಗೆ ತಿರುಗಿಸಬೇಕೆಂದು ನರಗುಂದ, ನವಲಗುಂದದ ರೈತರು 2015ರಿಂದ ದೀರ್ಘ ಧರಣಿ ನಡೆಸಿದರು. ಗೋವಾದ ಮಹದಾಯಿ ಬಚಾವೋ ಅಭಿಯಾನ ಅದನ್ನು ವಿರೋಧಿಸುತ್ತದೆ. ನ್ಯಾಯಮಂಡಳಿ 2018ರಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ನೀರು ಹಂಚಿತು. ಅದೇ ಖಾನಾಪುರದ ಭೀಮಗಡದ ಕಾಡು ಹೋದರೆ ಮಲಪ್ರಭೆಯ ಮೂಲವೇ ಬತ್ತೀತು ಎಂದು ಬೆಳಗಾವಿಯ ಪರಿಸರವಾದಿಗಳು ಎಚ್ಚರಿಸಿದ್ದಾರೆ; ಕುಡಿಯುವ ನೀರಿಲ್ಲದ ಊರಿನವರ ಎದುರು ಆ ಮಾತು ಹೇಳುವುದು ಸುಲಭವಲ್ಲ. ಎರಡೂ ಕಡೆಯವರನ್ನು ಒಂದೇ ಚಾಪೆಯ ಮೇಲೆ ಕೂರಿಸುವ ಶಕ್ತಿ ಒಕ್ಕೂಟಕ್ಕೆ ಇನ್ನೂ ಬಂದಿಲ್ಲ.

ರಾಜ್ಯದೊಳಗೂ ಇದೇ ಬಿಕ್ಕಟ್ಟು ಇದೆ. ಕೋಲಾರ, ಚಿಕ್ಕಬಳ್ಳಾಪುರಗಳಿಗೆ ನೀರು ಕೊಡುವ ಎತ್ತಿನಹೊಳೆ ಯೋಜನೆ 24.01 ಟಿಎಂಸಿ ಲೆಕ್ಕದ ಮೇಲೆ ನಿಂತಿದೆ. ಅಷ್ಟು ನೀರು ಅಲ್ಲಿ ಸಿಗುವುದಿಲ್ಲ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನ ಹೇಳಿತ್ತು. ಆ ಹೊಳೆ ಸೇರುವ ನೇತ್ರಾವತಿಯ ಕೆಳಹರಿವಿನವರ ಪ್ರತಿಭಟನೆಯ ನಡುವೆ ಕಾಮಗಾರಿ ನಡೆದು 2024ರ ಸೆಪ್ಟೆಂಬರ್‌ನಲ್ಲಿ ಮೊದಲ ಹಂತ ಉದ್ಘಾಟನೆಯಾಯಿತು. ಶರಾವತಿ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾವಕ್ಕೆ ಮಾತ್ರ ಮಲೆನಾಡು ಒಗ್ಗಟ್ಟಾಗಿ ಎದ್ದಿತು: ಸಾಹಿತಿ ನಾ. ಡಿಸೋಜ ಅವರ ನೇತೃತ್ವದಲ್ಲಿ ಪ್ರತ್ಯೇಕ ಹೋರಾಟ ಒಕ್ಕೂಟ ರಚನೆಯಾಗಿ 2019ರ ಜುಲೈ 10ರಂದು ಶಿವಮೊಗ್ಗ ಜಿಲ್ಲೆ ಬಂದ್ ಆಯಿತು. ಈಗ ಅದೇ ಕಣಿವೆಯ 2,000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ ಯೋಜನೆ, ಬೇಡ್ತಿ–ವರದಾ ನದಿ ಜೋಡಣೆ, ಹುಬ್ಬಳ್ಳಿ–ಅಂಕೋಲಾ ರೈಲುಮಾರ್ಗಗಳ ಸುತ್ತ ವಾದ ನಡೆದಿದೆ.

ಟೀಕೆಗಳು

ಚಳವಳಿಯ ಮುಂಚೂಣಿಯಲ್ಲಿ ಜಮೀನು, ಓದು, ಪತ್ರಿಕೆಗಳ ಸಂಪರ್ಕ ಇರುವವರೇ ಹೆಚ್ಚು ಎಂಬ ಆಕ್ಷೇಪ ಹಳೆಯದು ಮತ್ತು ನ್ಯಾಯವಾದುದು. ಉತ್ತರ ಕನ್ನಡದಲ್ಲಿ ಸೊಪ್ಪಿನಬೆಟ್ಟದ ಸೌಲಭ್ಯ ತೋಟ ಇರುವವರದ್ದು. ಹಾಲಕ್ಕಿ, ಸಿದ್ದಿ, ಕುಣಬಿ, ಗೌಳಿ ಸಮುದಾಯಗಳ ಕಾಡಿನ ಹಕ್ಕಿನ ಪ್ರಶ್ನೆ ಬಹುಕಾಲ ಸಭೆಗಳ ಕೊನೆಯ ವಿಷಯವಾಗಿಯೇ ಉಳಿಯಿತು. 2006ರ ಅರಣ್ಯ ಹಕ್ಕು ಕಾಯ್ದೆ ಬಂದಾಗ ಸಂರಕ್ಷಣಾ ಸಂಘಟನೆಗಳಲ್ಲೇ ಒಡಕು ಕಂಡಿತು: ಹಕ್ಕು ಕೊಟ್ಟರೆ ಕಾಡು ಹೋಗುತ್ತದೆ ಎಂದವರು ಕೆಲವರು, ಹಕ್ಕಿದ್ದವರೇ ಕಾಡು ಕಾಯುತ್ತಾರೆ ಎಂದವರು ಕೆಲವರು. ಅದಿರಪ್ಪಿಳ್ಳಿಯ ಮೇಲ್ಭಾಗದ ವಾಳಚ್ಚಾಲ್ ಕಾಡಿನಲ್ಲಿ ಕಾಡರ್ ಆದಿವಾಸಿಗಳು ಇದೇ ಕಾಯ್ದೆಯಡಿ ಸಮುದಾಯ ಹಕ್ಕು ಪಡೆದು ಅಣೆಕಟ್ಟಿನ ವಿರುದ್ಧ ನಿಂತದ್ದು ಎರಡನೆಯ ಮಾತಿಗೆ ಬಲವಾದ ಸಾಕ್ಷಿ. 2008ರಲ್ಲಿ ಕರ್ನಾಟಕ ಸರ್ಕಾರ ಅನಂತ ಹೆಗಡೆ ಅಶೀಸರರ ಅಧ್ಯಕ್ಷತೆಯಲ್ಲಿ ಪಶ್ಚಿಮಘಟ್ಟ ಕಾರ್ಯಪಡೆ ರಚಿಸಿದಾಗ, ಚಳವಳಿಯವರು ಸರ್ಕಾರದ ಒಳಗೆ ಹೋದರೆ ದನಿ ತಗ್ಗುತ್ತದೆಯೇ ಎಂಬ ಚರ್ಚೆಯೂ ಎದ್ದಿತ್ತು.

ಭೂಕುಸಿತದ ವರ್ಷಗಳು

2018ರ ಆಗಸ್ಟ್‌ನಲ್ಲಿ ಕೊಡಗು, 2024ರ ಜುಲೈ 16ರಂದು ಅಂಕೋಲಾದ ಶಿರೂರು, ಎರಡು ವಾರದ ನಂತರ ವಯನಾಡಿನ ಮುಂಡಕ್ಕೈ–ಚೂರಲ್‌ಮಲ. ಗುಡ್ಡ ಕುಸಿಯುವುದು ಈಗ ಪರಿಸರ ಸಂಘಟನೆಗಳ ಮುಖ್ಯ ಕಾಳಜಿ. ವಯನಾಡಿನಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತ ಆ ರಾತ್ರಿಗೆ ಮೊದಲು, ಕಲ್ಪೆಟ್ಟದ ಹ್ಯೂಮ್ ಸೆಂಟರ್ ಎಂಬ ಪುಟ್ಟ ಸಂಸ್ಥೆ ಎಚ್ಚರಿಕೆ ಕೊಟ್ಟಿತ್ತು. ಜಿಲ್ಲೆಯಲ್ಲಿ ಅದು ಇನ್ನೂರರಷ್ಟು ಮಳೆಮಾಪಕಗಳ ಜಾಲ ಇಟ್ಟುಕೊಂಡಿದೆ. ರೈತರು, ತೋಟದವರು ತಮ್ಮ ಅಂಗಳದ ಮಾಪಕದ ಅಂಕಿಯನ್ನು ದಿನವೂ ಕಳಿಸುತ್ತಾರೆ. ಜುಲೈ 29ರಂದು ಆ ಅಂಕಿಗಳನ್ನು ಕೂಡಿಸಿ ನೋಡಿದವರಿಗೆ ಗುಡ್ಡ ಇನ್ನು ತಾಳುವುದಿಲ್ಲ ಎನ್ನಿಸಿ ಜಿಲ್ಲಾಡಳಿತಕ್ಕೆ ತಿಳಿಸಿದ್ದರು.

ಕೊಡಗಿನ ಕಾಫಿ ತೋಟಗಳಲ್ಲಿ ಮಳೆ ಅಳೆದು ಬರೆದಿಡುವ ರೂಢಿ ತಲೆಮಾರುಗಳದ್ದು. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟದ ಸರ್ಕಾರಿ ಮಳೆಮಾಪಕಗಳೂ ಇವೆ. ಆ ಅಂಕಿಯನ್ನು ಹೊತ್ತುಹೊತ್ತಿಗೆ ಓದಿ, ಮೇಲಿನ ಗುಡ್ಡದ ಬಿರುಕು, ಕೆಂಪಾದ ಹಳ್ಳದ ನೀರು, ಹೊಸದಾಗಿ ಎದ್ದ ಒರತೆಗಳ ಜೊತೆ ಜೋಡಿಸಿ, ಕೆಳಗಿನ ಕೇರಿಯವರಿಗೆ ರಾತ್ರಿಯೇ ಎದ್ದು ಹೊರಡಿ ಎಂದು ಹೇಳಬಲ್ಲ ಊರ ಸ್ವಯಂಸೇವಕರ ಜಾಲವನ್ನು ಕೊಡಗಿನಿಂದ ಜೋಯಿಡಾವರೆಗೆ ಕಟ್ಟಬೇಕಿದೆ. ಪಾದಯಾತ್ರೆಯ ಕಾಲದ ಸಂಘಟನೆಗಳಿಗೆ ಈ ಹಳ್ಳಿಗಳ ದಾರಿಯೂ ಮನೆಗಳೂ ಗೊತ್ತು.